ಮನೆಯವರ ಕುಡಿತದ ಮೇಲಿನ ನನ್ನ ಸಿಟ್ಟು ಮಕ್ಕಳ ಮೇಲೆ ತಿರುಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ತೀರ್ಥಹಳ್ಳಿ ಕಡೆಯವಳು

ತೀರ್ಥಹಳ್ಳಿ ತಾಲೂಕಿನ ಒಂದು ಹಳ್ಳಿ ನಮ್ಮದು. ಎರಡು ಎಕರೆ ಅಡಿಕೆ ತೋಟ, ಎರಡು ಹಸು, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಜೊತೆಗೆ ಅತ್ತೆ. ನಮ್ಮನೆಯವರಿಗೆ ಕುಡಿತ ಅಂಟಿಕೊಂಡು ಆರು ವರ್ಷವಾಯಿತು. ಮೊದಮೊದಲು ಅಡಿಕೆ ಮಾರಿದ ದಿನಕ್ಕೆ, ನೆಂಟರ ಮದುವೆಗೆ ಎಂದಿದ್ದದ್ದು, ಕೊಳೆರೋಗದಲ್ಲಿ ಅರ್ಧ ಫಸಲು ನೆಲಕ್ಕೆ ಉದುರಿದ ಮಳೆಗಾಲದಿಂದ ಈಚೆಗೆ ನಿತ್ಯದ ಮಾತಾಗಿದೆ. ಈಗ ಬೆಳಿಗ್ಗೆ ಕಾಫಿ ಲೋಟ ಹಿಡಿಯುವಾಗಲೇ ಅವರ ಕೈ ನಡುಗುತ್ತದೆ, ಒಂದು ಗುಟುಕು ಒಳಗೆ ಹೋದ ಮೇಲೆಯೇ ಅದು ನಿಲ್ಲುತ್ತದೆ. ಸಿಗಂದೂರಿಗೆ ಕರೆದುಕೊಂಡು ಹೋಗಿ ಆಣೆ ಮಾಡಿಸಿದ್ದೆವು. ಮೂರು ವಾರ ನಡೆಯಿತು.

ಆದರೆ ನಾನು ಇಲ್ಲಿ ಮುಖ್ಯವಾಗಿ ಕೇಳಬೇಕಾಗಿರುವುದು ಅವರ ಬಗ್ಗೆ ಅಲ್ಲ, ನನ್ನ ಬಗ್ಗೆ. ಕಳೆದ ವಾರ ಮಗಳು ಡೈರಿಗೆ ಹಾಲು ಒಯ್ಯುವಾಗ ಕ್ಯಾನು ಜಾರಿ ಮೆಟ್ಟಿಲ ಮೇಲೆ ಒಂದು ಲೀಟರಿನಷ್ಟು ಹಾಲು ಚೆಲ್ಲಿತು. ಹಿಂದಿನ ರಾತ್ರಿ ನಾನು ಮೂರು ಗಂಟೆಯೂ ಮಲಗಿರಲಿಲ್ಲ. ಕೈಗೆ ಸಿಕ್ಕಿದ ಕೋಲು ತೆಗೆದುಕೊಂಡು ಹೊಡೆದುಬಿಟ್ಟೆ. ಅವಳು ಅಳಲಿಲ್ಲ. ಪಕ್ಕದಲ್ಲಿದ್ದ ತಮ್ಮನನ್ನು ಎಳೆದು ತನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡು ನನ್ನನ್ನೇ ನೋಡುತ್ತ ನಿಂತಳು. ಅಪ್ಪಯ್ಯ ಕುಡಿದು ಬಂದು ಕೂಗಾಡುವ ರಾತ್ರಿಗಳಲ್ಲಿ ಅವಳು ನಿಲ್ಲುವುದು ಹೀಗೆಯೇ. ಅವಳ ಕಣ್ಣಿಗೆ ಈಗ ನಾವಿಬ್ಬರೂ ಒಂದೇ ಆಗಿಬಿಟ್ಟೆವೇ ಎಂಬ ಯೋಚನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಇನ್ನೊಂದನ್ನೂ ಹೇಳಬೇಕು. ಹಿತ್ತಿಲ ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ಟಾರ್ಚು ಮತ್ತು ತಮ್ಮನ ಸ್ವೆಟರನ್ನು ಅವಳು ಪ್ರತಿ ರಾತ್ರಿ ತೆಗೆದಿಡುತ್ತಾಳೆಂಬುದು ನನಗೆ ಮೊನ್ನೆ ಗುಡಿಸುವಾಗ ಗೊತ್ತಾಯಿತು. ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಈ ಮಕ್ಕಳಿಗೆ ಏನೆಂದು ಹೇಳಬೇಕು, ಎಷ್ಟು ಹೇಳಬೇಕು? ನನ್ನ ಕೈಯನ್ನು ನಾನೇ ಹಿಡಿದುಕೊಳ್ಳುವುದು ಹೇಗೆ? ನಾದಿನಿಯೊಬ್ಬರು ಊಟದಲ್ಲಿ ಬೆರೆಸಿ ಕೊಡಲು ಒಂದು ಪುಡಿಯನ್ನೂ ತಂದುಕೊಟ್ಟಿದ್ದಾರೆ, ಅದನ್ನು ಕೊಡಬಹುದೇ ಎಂಬುದನ್ನೂ ತಿಳಿದವರು ಹೇಳಬೇಕು.

ಉತ್ತರ: ಸಾಗರದ ಶಿಕ್ಷಕಿ

ತಂಗೀ, ನಾನು ನಿಮ್ಮ ಮಗಳ ಜಾಗದಲ್ಲಿ ನಿಂತು ಬೆಳೆದವಳು, ಆದ್ದರಿಂದ ಅಲ್ಲಿಂದಲೇ ಬರೆಯುತ್ತೇನೆ. ನಮ್ಮ ತಂದೆಯವರ ಬೈಕು ಸಂಕ ದಾಟುವ ಸದ್ದಿನಲ್ಲೇ ಅವರು ಎಷ್ಟು ಕುಡಿದಿದ್ದಾರೆಂದು ನನಗೆ ತಿಳಿಯುತ್ತಿತ್ತು. ನಾನು ತರಗತಿಗೆ ಮೊದಲ ಸ್ಥಾನ ಬಂದರೆ ಅವರು ಬಿಡುತ್ತಾರೆ ಎಂದುಕೊಂಡು ಓದಿದೆ, ಮೊದಲ ಸ್ಥಾನವೂ ಬಂದೆ. ಅವರು ಆ ಸಂತೋಷಕ್ಕೂ ಕುಡಿದರು. ಹತ್ತು ವರ್ಷದ ಮಗುವಿಗೆ ಅದರಿಂದ ಸಿಕ್ಕಿದ ಪಾಠವೆಂದರೆ ತಾನು ಓದಿದ್ದು ಸಾಲದು ಎಂಬುದು. ಕುಡಿತದ ಮನೆಯ ಮಕ್ಕಳು ಬೇರೆ ಕಾರಣ ಕಾಣದೆ ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಳ್ಳುತ್ತಾರೆ. ನಮ್ಮ ಅಮ್ಮ ನಮ್ಮನ್ನು ಕಾಪಾಡಲೆಂದೇ ಏನೂ ಆಗಿಲ್ಲವೆಂಬಂತೆ ಇರುತ್ತಿದ್ದರು, ಹೀಗಾಗಿ ನಾನು ಕಂಡದ್ದು ಸುಳ್ಳೋ ನಿಜವೋ ಎಂಬುದೇ ನನಗೆ ಅನುಮಾನವಾಗುತ್ತಿತ್ತು.

ಹಾಗಾಗಿ ಮಗಳಿಗೆ ನಿಜ ಹೇಳಿ, ಅವಳ ವಯಸ್ಸಿಗೆ ಹಿಡಿಸುವಷ್ಟು ಹೇಳಿ. ‘ಅಪ್ಪಯ್ಯನಿಗೆ ಕುಡಿತದ ಕಾಯಿಲೆ ಇದೆ. ಅದು ನಿನ್ನಿಂದ ಬಂದದ್ದಲ್ಲ, ನೀನು ಒಳ್ಳೆಯವಳಾಗಿ ಇದ್ದರೆ ಹೋಗುವಂಥದ್ದೂ ಅಲ್ಲ. ದೊಡ್ಡವರು ಅದಕ್ಕೆ ಔಷಧಿ ನೋಡುತ್ತಿದ್ದೇವೆ’ ಎಂಬ ಮೂರು ಮಾತು ಸಾಕು. ನಾಲ್ಕು ವರ್ಷದವನಿಗೆ ‘ಅಪ್ಪಯ್ಯನಿಗೆ ಇವತ್ತು ಹುಷಾರಿಲ್ಲ, ನೀನು ನನ್ನ ಹತ್ತಿರ ಮಲಗು’ ಎಂದರೂ ನಡೆಯುತ್ತದೆ. ಈ ಮಾತನ್ನು ಜಗಳವಾದ ರಾತ್ರಿ ಆಡಬೇಡಿ. ಹಗಲಲ್ಲಿ, ಹೂವು ಕೊಯ್ಯುವಾಗಲೋ ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗಲೋ ಮುಖ ಮುಖ ನೋಡಿಕೊಳ್ಳಬೇಕಾಗಿಲ್ಲದ ಹೊತ್ತಿನಲ್ಲಿ ಆಡಿ. ಮಕ್ಕಳು ಆಗಲೇ ಬಾಯಿ ಬಿಡುತ್ತಾರೆ.

ಹೊಡೆದದ್ದಕ್ಕೆ ಅವಳಲ್ಲಿ ತಪ್ಪಾಯಿತೆಂದು ಕೇಳಿ. ‘ನೀನು ಚೆಲ್ಲಿದ್ದಕ್ಕೆ’ ಎಂಬ ಬಾಲ ಅದಕ್ಕೆ ಸೇರಬಾರದು. ಅಮ್ಮ ನಮ್ಮ ಹತ್ತಿರ ಒಂದು ದಿನವೂ ಹಾಗೆ ಕೇಳಲಿಲ್ಲ, ನನಗೆ ಇವತ್ತಿಗೂ ಅದರದೇ ಕೊರಗು.

ಟಾರ್ಚನ್ನು ಅಲ್ಲಿಂದ ತೆಗೆಯಬೇಡಿ. ಅದು ಅವಳ ಧೈರ್ಯ. ಆದರೆ ಅದನ್ನು ಇಡುವ ಕೆಲಸ ಇನ್ನು ಮುಂದೆ ಅಮ್ಮನದು ಎಂದು ಹೇಳಿ, ಪ್ರತಿ ರಾತ್ರಿ ಅವಳಿಗೆ ಕಾಣುವಂತೆ ನೀವೇ ಇಡಿ. ಅವಳನ್ನು ಗೆಳತಿಯನ್ನಾಗಿ ಮಾಡಿಕೊಂಡು ನಿಮ್ಮ ದುಃಖ ಹೇಳಿಕೊಳ್ಳಬೇಡಿ, ಅಪ್ಪನನ್ನು ಕರೆತರಲು ಅಂಗಡಿ ಬಾಗಿಲಿಗೆ ಕಳಿಸಬೇಡಿ. ಶಾಲೆಯಲ್ಲಿ ನಿಮಗೆ ನಂಬಿಕೆಯಿರುವ ಒಬ್ಬ ಶಿಕ್ಷಕಿಗೆ ಮಾತ್ರ ವಿಷಯ ತಿಳಿಸಿಡಿ. ಹೋಮ್‌ವರ್ಕ್ ಆಗದ ದಿನ ಅವಳನ್ನು ನಿಲ್ಲಿಸಿ ಬೈಯದಿರಲು ಅಷ್ಟು ಬೇಕು.

ಉತ್ತರ: ಶಿವಮೊಗ್ಗ, ಮನೋರೋಗ ವಿಭಾಗದಲ್ಲಿ ನರ್ಸ್

ಮೊದಲು ಆ ಪುಡಿಯ ಮಾತು. ದಯವಿಟ್ಟು ಅದನ್ನು ಕೊಡಬೇಡಿ. ಹೆಸರಿಲ್ಲದ ಇಂಥ ಪುಡಿಯಲ್ಲಿ ಏನಿದೆಯೋ ಯಾರೂ ಹೇಳಲಾರರು. ಒಂದು ವೇಳೆ ಅದರಲ್ಲಿ ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಅರೆದು ಹಾಕಿದ್ದರೆ ಅಪಾಯ ಇನ್ನೂ ಹೆಚ್ಚು. ಮದ್ಯ ದೇಹದಲ್ಲಿ ಕರಗುವ ದಾರಿಯನ್ನು ಅದು ನಡುವೆಯೇ ತಡೆಯುವುದರಿಂದ, ಅದರ ಮೇಲೆ ಕುಡಿದವರಿಗೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಪರಿಣಾಮ ಉಳಿಯಬಹುದು. ವೈದ್ಯರು ಅದನ್ನು ಕೊಡುವುದಿದೆ, ಆದರೆ ರೋಗಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದು, ಹೃದಯ ಮತ್ತು ಲಿವರ್ ಪರೀಕ್ಷಿಸಿ ಕೊಡುತ್ತಾರೆ. ಕದ್ದು ಬೆರೆಸಿದ ಔಷಧಿ ಗೊತ್ತಾದ ದಿನ ಗಂಡ ಹೆಂಡತಿ ಬಡಿಸಿದ ಅನ್ನವನ್ನೇ ನಂಬದ ಸ್ಥಿತಿ ಬರುತ್ತದೆ, ಅದನ್ನೂ ನಾನು ವಾರ್ಡಿನಲ್ಲಿ ನೋಡಿದ್ದೇನೆ.

ಎರಡನೆಯದು ಆ ಕೈ ನಡುಕ. ಅದು ಕೇವಲ ಹಟವಲ್ಲ. ಮದ್ಯ ಮೆದುಳನ್ನು ಮಂಕಾಗಿಸುತ್ತದೆ, ಅದಕ್ಕೆ ಎದುರಾಗಿ ಮೆದುಳು ತನ್ನನ್ನು ತಾನು ಜೋರಾಗಿ ಎಬ್ಬಿಸಿಕೊಂಡಿರುತ್ತದೆ, ಮದ್ಯ ತಟ್ಟನೆ ನಿಂತಾಗ ಆ ಎಬ್ಬಿಕೆ ಮಾತ್ರ ಉಳಿಯುತ್ತದೆ. ಕೊನೆಯ ಕುಡಿತದ ನಂತರ ಆರೆಂಟು ಗಂಟೆಗಳಲ್ಲೇ ನಡುಕ, ಬೆವರು ಶುರುವಾಗಬಹುದು, ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ, ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣುವ, ಯಾರೆಂದು ಗುರುತು ಹತ್ತದ ಸ್ಥಿತಿ ಬರಬಹುದು. ಆಣೆ ಹಾಕಿಸಿಯೋ ಕೋಣೆಯಲ್ಲಿ ಕೂಡಿಹಾಕಿಯೋ ಒಮ್ಮೆಲೇ ಬಿಡಿಸುವುದು ಇವರಿಗೆ ಅಪಾಯ. ಆಸ್ಪತ್ರೆಯಲ್ಲಿ ಕೆಲವು ದಿನ ನಡುಕ ಇಳಿಸುವ ಮಾತ್ರೆ, ಥಯಾಮಿನ್ ಎಂಬ ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟು ಇದನ್ನು ದಾಟಿಸಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಅಷ್ಟು ದೂರ ಆಗದಿದ್ದರೆ, ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮಲ್ಲಿ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ಕೇಳಿಸಿಕೊಳ್ಳಿ.

ಅವರು ಬರಲೊಪ್ಪದಿದ್ದರೆ ನೀವೊಬ್ಬರೇ ಬನ್ನಿ. ರೋಗಿ ಅವರಲ್ಲವೇ ಎಂದು ಯಾರೂ ಹಿಂದಕ್ಕೆ ಕಳಿಸುವುದಿಲ್ಲ. ಮೂರು ಗಂಟೆಯ ನಿದ್ರೆ, ಸಣ್ಣದಕ್ಕೂ ಕೈ ಏಳುವುದು, ಆಮೇಲೆ ದಿನವಿಡೀ ಕೊರಗುವುದು, ಇವು ನಿಮ್ಮ ಕೆಟ್ಟತನದ ಲಕ್ಷಣಗಳಲ್ಲ, ನಿಮಗೂ ಚಿಕಿತ್ಸೆ ಬೇಕಾಗಿರಬಹುದು ಎಂಬುದರ ಸೂಚನೆ. 14416 ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಹಣವಿಲ್ಲ. ನಿಮ್ಮ ಮನೆಯಲ್ಲಿ ಸಿಗ್ನಲ್ ಸಿಗದಿದ್ದರೆ (ನಮ್ಮ ಕಡೆ ಅದೊಂದು ಇದ್ದದ್ದೇ) ಸಿಗ್ನಲ್ ಸಿಗುವ ಗುಡ್ಡಕ್ಕೆ ಸೊಪ್ಪಿಗೆ ಹೋದಾಗ ಮಾಡಿ, ಅಲ್ಲಿ ಅತ್ತೆಯವರ ಕಿವಿಯೂ ಇರುವುದಿಲ್ಲ.

ಉತ್ತರ: ಹೊಸನಗರದಿಂದ

ಶಿಕ್ಷಕಿಯವರ ಮಾತಿಗೆ ನನ್ನದೊಂದು ತಕರಾರಿದೆ. ಕಾಯಿಲೆ ಎಂದು ಮಕ್ಕಳಿಗೆ ಹೇಳುವುದು ಸರಿ, ಆದರೆ ಕಾಯಿಲೆ ಎಂಬ ಮಾತು ನಮ್ಮ ಮನೆಯಲ್ಲಿ ಎಲ್ಲದಕ್ಕೂ ಮಾಫಿಯ ಚೀಟಿಯಾಗಿತ್ತು. ತಟ್ಟೆ ಎಸೆದರೂ ಕಾಯಿಲೆ, ಕೈ ಮಾಡಿದರೂ ಕಾಯಿಲೆ. ‘ಕುಡಿಯುವುದು ಕಾಯಿಲೆ, ಹೊಡೆಯುವುದು ತಪ್ಪು, ಯಾರು ಹೊಡೆದರೂ ತಪ್ಪು’ ಎಂದು ನಾನು ಮಕ್ಕಳಿಗೆ ಬಿಡಿಸಿ ಹೇಳಿದೆ. ಹಾಗೆ ಹೇಳಿದ ಮೇಲೆ ನನ್ನ ಕೈಗೂ ಕಡಿವಾಣ ಬಿತ್ತು, ಯಾಕೆಂದರೆ ಮಗ ನನಗೇ ಅದನ್ನು ಒಪ್ಪಿಸತೊಡಗಿದ.

ನನ್ನ ಸಿಟ್ಟು ಎಲ್ಲಿಂದ ಬರುತ್ತಿತ್ತೆಂದು ಒಂದು ವಾರ ಗಮನಿಸಿದೆ. ಸಂಜೆ ಆರರಿಂದ ನಮ್ಮವರು ಕುಡಿದು ಬರುವವರೆಗೆ ನಾನು ಕಾಯುತ್ತಿದ್ದೆ. ಅಡಿಕೆ ಚೀಲದ ಸಂದಿಯಲ್ಲಿ, ಸೌದೆ ಕೊಟ್ಟಿಗೆಯಲ್ಲಿ ಕ್ವಾರ್ಟರ್ ಹುಡುಕುತ್ತಿದ್ದೆ, ಸಿಕ್ಕಿದ್ದನ್ನು ಚೆಲ್ಲುತ್ತಿದ್ದೆ, ಲೆಕ್ಕ ಇಡುತ್ತಿದ್ದೆ. ಚೆಲ್ಲಿದ ದಿನ ಅವರು ಸಾಲ ಮಾಡಿ ಇನ್ನೊಂದು ತಂದರು, ಅಷ್ಟೇ ಆದದ್ದು. ಇಷ್ಟೆಲ್ಲ ಮಾಡಿ ಸುಸ್ತಾದ ಹೊತ್ತಿಗೆ ಮಕ್ಕಳು ಲೆಕ್ಕ ಹೇಳಿಕೊಡೆಂದು ಬಂದರೆ ನನ್ನಲ್ಲಿ ಉಳಿದಿರುತ್ತಿದ್ದದ್ದು ಬೆಂಕಿ ಮಾತ್ರ. ಹುಡುಕುವುದನ್ನು ನಿಲ್ಲಿಸಿದೆ. ಏಳು ಗಂಟೆಗೆ ನಾವು ಮೂವರೂ ಊಟ ಮುಗಿಸುವುದು, ಅವರ ಪಾಲನ್ನು ಮುಚ್ಚಿಡುವುದು, ಎಂಟಕ್ಕೆ ಒಳಕೋಣೆಯ ಅಗಳಿ ಹಾಕಿ ಮಕ್ಕಳೊಂದಿಗೆ ಮಲಗುವುದು ಎಂದು ಮಾಡಿಕೊಂಡೆ. ಕುಡಿದವರೊಡನೆ ರಾತ್ರಿ ಒಂದು ಮಾತೂ ಇಲ್ಲ, ಏನಿದ್ದರೂ ಬೆಳಿಗ್ಗೆ. ಅತ್ತೆಯವರು ಮೊದಲು ಮುನಿಸಿಕೊಂಡರು, ಗಂಡನಿಗೆ ಬಡಿಸದ ಹೆಂಡತಿ ಎಂದರು, ಆಮೇಲೆ ಅವರೂ ಏಳಕ್ಕೇ ಉಣ್ಣತೊಡಗಿದರು. ಇಷ್ಟರ ಮೇಲೂ ಕೈ ಏಳುವ ಹಾಗಾದರೆ ಕೋಲು ಹುಡುಕುವ ಮೊದಲು ನಾನು ಬಚ್ಚಲಿಗೆ ಹೋಗಿ ಹಂಡೆಯ ಒಲೆಗೆ ಸೌದೆ ತುಂಬುತ್ತಿದ್ದೆ. ನಮ್ಮ ಮನೆಯಲ್ಲಿ ಆ ವರ್ಷ ನೀರು ಯಾವಾಗಲೂ ಕುದಿಯುತ್ತಿತ್ತು.

ಹಣದ ವಿಷಯವನ್ನು ಮುಂದೂಡಬೇಡಿ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಖಾತೆಯ ಎಟಿಎಂ ಕಾರ್ಡು ನಿಮ್ಮ ಹತ್ತಿರವೇ ಇರಲಿ, ಡೈರಿಯ ಹಾಲಿನ ಬಟವಾಡೆ ನಿಮ್ಮ ಹೆಸರಿಗೆ ಆಗಲಿ. ಕುಡಿಯಲು ಹಣಕ್ಕಾಗಿ ಪೀಡಿಸುವುದು, ಮನೆಗೆ ಖರ್ಚಿಗೆ ಕೊಡದಿರುವುದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಆರ್ಥಿಕ ದೌರ್ಜನ್ಯವೆಂದೇ ಬರುತ್ತದೆ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಅದಕ್ಕೆ ದೂರು ಕೇಳುವ ಸಂರಕ್ಷಣಾಧಿಕಾರಿ. ನ್ಯಾಯಾಲಯದ ಆವರಣದ ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಕೈ ಮಾಡಿದ ರಾತ್ರಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ಹಿತ್ತಿಲಿನಿಂದ ಹೊರಟರೆ ಯಾರ ಮನೆಗೆ ಹೋಗುವುದೆಂದು ಒಬ್ಬರ ಹತ್ತಿರವಾದರೂ ಮಾತಾಡಿಡಿ. ಬಸ್ಸಿನ ಮಾತು ಬಂದರೆ, ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ನಮ್ಮ ಮಲೆನಾಡಿನ ಖಾಸಗಿ ಬಸ್ಸುಗಳಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಸಕ್ಕರೆ ಡಬ್ಬಿಯಲ್ಲಿ ಟಿಕೆಟ್ಟಿನ ಹಣ ಇರಲಿ.

ನಮ್ಮವರು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಎಂಟು ದಿನದ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದು, ನಲವತ್ತು ದಿನಕ್ಕೆ ಮತ್ತೆ ಕುಡಿದರು. ಆ ದಿನ ನಾನು ಎಲ್ಲ ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ, ಎರಡನೆಯ ಬಾರಿ ಆಸ್ಪತ್ರೆಯ ಔಷಧಿಯೂ ಕುಡಿತ ಬಿಟ್ಟವರ ನವಜೀವನ ಸಮಿತಿಯ ಸಭೆಯೂ ಎರಡೂ ಕೂಡಿ ನಡೆಯಿತು. ಈಗ ನಾಲ್ಕು ವರ್ಷ. ನಾಳೆಯದು ಗೊತ್ತಿಲ್ಲ.

ಉತ್ತರ: ಬಿಟ್ಟವನು

ನಾನು ಆ ಕಡೆಯವನು, ಕುಡಿಯುತ್ತಿದ್ದವನು. ಹೆಚ್ಚು ಹೇಳಲು ನನಗೆ ಮುಖವಿಲ್ಲ. ಬಿಟ್ಟು ಒಂದು ವರ್ಷವಾದ ಮೇಲೂ ನನ್ನ ಮಗ ನಾನು ಪೇಟೆಯಿಂದ ಬಂದ ಕೂಡಲೇ ತೊಡೆ ಹತ್ತಿ ಬಾಯಿಯ ಹತ್ತಿರ ಮೂಗು ತರುತ್ತಿದ್ದ. ಮುದ್ದಿಗೆ ಎಂದು ಬಹಳ ದಿನ ತಿಳಿದಿದ್ದೆ. ಯಜಮಾನರು ಬಿಟ್ಟರೂ ಮಕ್ಕಳು ಕೂಡಲೇ ಸರಿಹೋಗುತ್ತಾರೆಂದು ಎಣಿಸಬೇಡಿ, ಮಕ್ಕಳ ಕೆಲಸವನ್ನು ಅದಕ್ಕಾಗಿ ಕಾಯಿಸಲೂ ಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ನಮಸ್ಕಾರ. ಪುಡಿಯನ್ನು ಒಲೆಗೆ ಹಾಕಿದೆ. 14416ಕ್ಕೆ ಗುಡ್ಡದಿಂದಲೇ ಮಾತಾಡಿದೆ, ಅರ್ಧ ಹೊತ್ತು ಅತ್ತದ್ದೇ ಆಯಿತು, ಅವರು ಕಾದರು. ಮುಂದಿನ ಮಂಗಳವಾರ ತಾಲೂಕು ಆಸ್ಪತ್ರೆಗೆ ಹೋಗುವುದೆಂದು ನಿಶ್ಚಯಿಸಿದ್ದೇನೆ, ನಮ್ಮನೆಯವರಿಗೆ ಬೆಳಿಗ್ಗೆ ಕೈ ನಡುಗುವ ಮೊದಲೇ ಹೇಳಿದೆ. ಬರುತ್ತೇನೆ ಎನ್ನಲಿಲ್ಲ, ಬೈಯಲೂ ಇಲ್ಲ. ಬಾರದಿದ್ದರೆ ನಾನೊಬ್ಬಳೇ ಹೋಗುತ್ತೇನೆ.

ಮಗಳ ಹತ್ತಿರ ಕೊಟ್ಟಿಗೆಯಲ್ಲಿ ಮಾತಾಡಿದೆ. ಹೊಡೆದದ್ದು ನನ್ನ ತಪ್ಪು ಎಂದೆ. ಅವಳು ಕರುವಿನ ಕಿವಿ ತಿಕ್ಕುತ್ತ ಏನೂ ಹೇಳಲಿಲ್ಲ. ಅಪ್ಪಯ್ಯನ ಕಾಯಿಲೆಯ ಮಾತನ್ನೂ, ಟಾರ್ಚು ಇಡುವುದು ಇನ್ನು ನನ್ನ ಕೆಲಸವೆಂಬುದನ್ನೂ ಹೇಳಿದ ಮೇಲೆ, ಬಹಳ ಹೊತ್ತಿಗೆ, ‘ಸೆಲ್ ಖಾಲಿಯಾಗಿದೆ ಅಮ್ಮ, ಎರಡು ದಿನದಿಂದ ಉರೀತಿಲ್ಲ’ ಎಂದಳು. ನಿನ್ನೆ ಪೇಟೆಯಿಂದ ಎರಡು ಜೊತೆ ತಂದಿದ್ದೇನೆ.