ಸುಗ್ಗಿಗೆ ಊರಿಗೆ ಹೋಗುವವರು ಒಂದು ಗೊಂಬೆಯಾಟ ಆಡಿಸಿ

ಕನ್ನಡ ಕ್ಲಾಸ್ ಅಂದರೆ ಮಕ್ಕಳು ಮುಖ ತಿರುಗಿಸುತ್ತಾರೆ, ಏನು ಮಾಡೋದು ಅಂತ ಹೊರದೇಶದಲ್ಲಿರುವ ನಮ್ಮವರು ಕೇಳುತ್ತಿರುತ್ತಾರೆ. ಅದಕ್ಕೆ ನಮ್ಮ ಮನೆ ಕಥೆ ಹೇಳುತ್ತೇನೆ.

ಮೆಲ್ಬರ್ನ್‌ನಲ್ಲಿರುವ ನಮಗೆ ದೊಡ್ಡ ರಜೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಊರಲ್ಲಿ ಆಗ ಸುಗ್ಗಿ. ತೊಗಲು ಗೊಂಬೆಯವರು, ಅಂದರೆ ಪರದೆಯ ಹಿಂದೆ ದೀಪ ಇಟ್ಟು ಚರ್ಮದ ಗೊಂಬೆ ಆಡಿಸುವವರು, ಊರೂರು ತಿರುಗುವುದೂ ಸುಗ್ಗಿ ಮುಗಿಯುತ್ತಾ ಬಂದ ಮೇಲೇ. ಅಮೆರಿಕದಲ್ಲಿರುವ ಕನ್ನಡದವರು ಜೂನ್, ಜುಲೈ ಮಳೆಯಲ್ಲಿ ಬಂದರೆ ಆಟ ಸಿಗೋದು ಕಷ್ಟ, ಪಾಪ.

ಹೋದ ಸಂಕ್ರಾಂತಿಗೆ ನಾಗಮಂಗಲದ ಹತ್ತಿರ ನನ್ನ ತವರಿಗೆ ಗೊಂಬೆಯಾಟದ ಒಂದು ಮೇಳ ಕರೆಸಿದೆವು. ಏಳು ಜನ, ಎಲ್ಲರೂ ಒಂದೇ ಮನೆಯವರು. ಅಜ್ಜ ಗೊಂಬೆ ಆಡಿಸುತ್ತಿದ್ದರು, ಸೊಸೆ ಸೀತೆಯ ಹಾಡು ಹೇಳುತ್ತಿದ್ದರು. ಪಿಯುಸಿ ಓದುವ ಮೊಮ್ಮಗಳು ಮುಂದೆ ಬೇಕಾದ ಗೊಂಬೆ ಎತ್ತಿ ಎತ್ತಿ ಕೊಡುತ್ತಿದ್ದಳು. ಕೊಪ್ಪಳದ ಮೋರನಾಳದ ಭೀಮವ್ವನವರಿಗೆ 2025ರಲ್ಲಿ ಇದೇ ಕಲೆಗೆ ಪದ್ಮಶ್ರೀ ಬಂತಲ್ಲ, ಅವರ ಫೋಟೋ ಇವಳ ಮೊಬೈಲಿನಲ್ಲಿತ್ತು.

ನನ್ನ ಮಗಳು ಪರದೆಯ ಹಿಂದೆಯೇ ಕೂತುಬಿಟ್ಟಳು. ಅಜ್ಜ ಮೇಕೆ ಚರ್ಮದ ಹನುಮನನ್ನು ಪರದೆಗೆ ಒತ್ತಿ ಹಿಡಿದರೆ ಬಣ್ಣವೆಲ್ಲ ನಿಚ್ಚಳ. ದೀಪದ ಕಡೆ ಎಳೆದರೆ ನೆರಳು ಬೆಳೆಯುತ್ತಾ ಹೋಗಿ ಪರದೆ ತುಂಬಾ ಹನುಮನೇ!

ಮಗ ಮುಂದೆ ಚಾಪೆ ಮೇಲಿದ್ದ. ಕಥೆ ನಡುವೆ ಜನರನ್ನು ನಗಿಸುವ ಗೊಂಬೆ ಕಿಲ್ಲೇಕ್ಯಾತ ಬಂದು ಅವನನ್ನೇ ಹಿಡಿದುಕೊಂಡ. ‘ಲೋ ಫಾರಿನ್ ಗೌಡ, ಬೆಳಗ್ಗೆ ಎದ್ದು ಏನ್ಲಾ ತಿಂತೀಯ?’

‘ಸೀರಿಯಲ್.’

‘ಸೀರೇನಾ? ಯಾರ್ ಸೀರೆನ್ಲಾ, ನಿಮ್ಮವ್ವಂದಾ?’

ಮಗ ಎದ್ದು ನಿಂತು ಕೂಗಿದ, ‘ಸೀರೆ ಅಲ್ಲ! ಹಾಲಿಗೆ ಹಾಕ್ಕೊಂಡು ತಿನ್ನೋದು!’

‘ಸೀರೇನ ಹಾಲ್ಗ್ ಹಾಕೊಂಡಾ?’

ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಮೆಲ್ಬರ್ನ್‌ನಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗ, ಅವತ್ತು ಕ್ಯಾತನ ಜೊತೆ ಕನ್ನಡದಲ್ಲೇ ಜಗಳಕ್ಕೆ ಬಿದ್ದಿದ್ದ. ಒಂದೆರಡು ಬೈಗುಳವೂ ಕಲಿತ, ಅದು ಬೇರೆ ವಿಷಯ.

ಮರುದಿನ ರೊಟ್ಟಿ ತಿನ್ನುವಾಗ ನೋಡಿದರೆ ಅಜ್ಜ, ಸೊಸೆ ತಮ್ಮತಮ್ಮಲ್ಲಿ ಮಾತಾಡುತ್ತಿದ್ದುದು ಮರಾಠಿ ಥರದ ಮಾತು. ತಲೆಮಾರುಗಳಿಂದ ಆಟ ಕನ್ನಡದಲ್ಲಿ, ಮನೆಮಾತು ಇದು. ಕನ್ನಡ ಕಲಿಯೋಕೆ ಅವರಿಗೆ ಕ್ಲಾಸೂ ಇಲ್ಲ, ಪುಸ್ತಕವೂ ಇಲ್ಲ. ನಾನು ಸುಮ್ನೆ ಕೂತು ಕೇಳಿಸಿಕೊಂಡೆ.

ದುಡ್ಡಿನ ವಿಷಯವೂ ಬಂತು. ಹಿಂದೆ ಊರವರು ರಾಗಿ, ತೆಂಗಿನಕಾಯಿ ಕೊಟ್ಟು ಕಳಿಸುತ್ತಿದ್ದರಂತೆ. ಆಟ ಇಲ್ಲದಾಗ ಕೆರೆಯಲ್ಲಿ ಮೀನು ಹಿಡಿಯುತ್ತಾರೆ. ಈಗ ಸಭೆಗೆ ಕರೆದು, ಅರ್ಧ ಗಂಟೆ ಆಡಿಸಿ, ಶಾಲು ಹೊದಿಸಿ, ಬಸ್ ಚಾರ್ಜೂ ಕೊಡದೆ ಕಳಿಸುವವರೇ ಜಾಸ್ತಿ ಅಂದರು. ನನಗೆ ನಾಚಿಕೆಯಾಯಿತು. ನಮ್ಮ ಕನ್ನಡ ಸಂಘವೂ ಒಮ್ಮೆ ಹೀಗೇ ಮಾಡಿತ್ತು, ಫೋಟೋದಲ್ಲಿ ನಾನೂ ಇದ್ದೆ.

ಈ ಸಲ ನಾವು ಮೂರು ಮನೆಯವರು ಖರ್ಚು ಹಂಚಿಕೊಂಡಿದ್ದೇವೆ. ಇಡೀ ರಾತ್ರಿಯ ಆಟ, ಮುಂಗಡ ಮೊದಲೇ. ಜನವರಿಯಲ್ಲಿ ಮಂಡ್ಯ, ಮೈಸೂರು ಕಡೆ ಯಾರ್ಯಾರು ಇರುತ್ತೀರಿ? ಹತ್ತಿರದ ನಾಲ್ಕೈದು ಊರು ಸಾಲಾಗಿ ಸಿಕ್ಕರೆ ಒಂದೇ ಓಡಾಟದಲ್ಲಿ ಅವರಿಗೆ ವಾರದ ದುಡಿಮೆ ಆಗುತ್ತದೆ. ದಿನಾಂಕ ತಿಳಿಸಿ.