ಸಹಾಯ ಬೇಕು: ಮಳೆಗಾಲದಲ್ಲಿ ಕೊಡಚಾದ್ರಿ ಹತ್ತುವ ದಾರಿಯ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾವು ಐವರು ಗೆಳೆಯರು ಈ ಆಷಾಢದ ಮಳೆಯಲ್ಲಿ, 1343 ಮೀಟರ್ ಎತ್ತರದ ಕೊಡಚಾದ್ರಿಯನ್ನು ನಡೆದೇ ಹತ್ತಿ, ತುದಿಯಲ್ಲಿರುವ ಸರ್ವಜ್ಞ ಪೀಠದ ಕಲ್ಲುಮಂಟಪವನ್ನು ಮಂಜಿನ ನಡುವೆ ನೋಡಬೇಕೆಂದಿದ್ದೇವೆ. ಹಿಡ್ಲುಮನೆ ಜಲಪಾತದ ಪಕ್ಕದ ಕಾಲುದಾರಿಯೇ ನಮಗೆ ಇಷ್ಟವಾದರೂ, ಕಳೆದ ವರ್ಷ ಅಲ್ಲಿ ಪಾಚಿಗಟ್ಟಿದ ಬಂಡೆಯ ಮೇಲೆ ಗೆಳೆಯನೊಬ್ಬ ಜಾರಿಬಿದ್ದು ಅವನ ಮಣಿಕಟ್ಟು ಉಳುಕಿದ್ದರಿಂದ ಅರ್ಧ ದಾರಿಯಿಂದಲೇ ಮರಳಿದ್ದೆವು. ಬೂಟು ಬಿಚ್ಚಿದಾಗ ಕಾಲುಚೀಲದೊಳಗೆ ಇಂಬಳಗಳು ರಕ್ತ ಕುಡಿದು ದ್ರಾಕ್ಷಿಯಷ್ಟು ದಪ್ಪಗಾಗಿದ್ದವು.

ಜೋರು ಮಳೆಯ ದಿನ ಆ ದಾರಿಯ ಹಳ್ಳವನ್ನು ದಾಟಬಹುದೇ, ಇಲ್ಲವೇ ಕಟ್ಟಿನಹೊಳೆಯಿಂದ ಹೋಗುವ ಜೀಪಿನ ಮಣ್ಣುರಸ್ತೆಯಲ್ಲೇ ನಡೆಯುವುದು ಕ್ಷೇಮವೇ ಎಂದು ಅಲ್ಲಿಯ ಮಳೆ ಕಂಡವರು ದಯವಿಟ್ಟು ತಿಳಿಸಿ. ಇದು ಮೂಕಾಂಬಿಕಾ ವನ್ಯಜೀವಿಧಾಮದ ಕಾಡಾದ್ದರಿಂದ, ಅರಣ್ಯ ಇಲಾಖೆಯ ಅನುಮತಿಯನ್ನು ಈಗ ಎಲ್ಲಿ ಪಡೆಯಬೇಕೆಂಬುದೂ ಗೊತ್ತಾಗಬೇಕಿದೆ. ಊರಿನವರೊಬ್ಬರು ದಾರಿ ತೋರಿಸಲು ಜೊತೆಗೆ ಬರುವಂತಿದ್ದರೆ ನಮಗೆ ಬಹಳ ಧೈರ್ಯ. ಇಂಬಳಕ್ಕೆ ಸುಣ್ಣ ಮತ್ತು ಹೊಗೆಸೊಪ್ಪಿನ ಪುಡಿ ಹಚ್ಚುವುದು ಸುರಿಯುವ ಮಳೆಯಲ್ಲೂ ನಿಲ್ಲುತ್ತದೆಯೇ? ಮುಂದಿನ ಶನಿವಾರ ಬೆಳಿಗ್ಗೆ ಹೊರಡುವವರಿದ್ದೇವೆ.