ಮಕ್ಕಳನ್ನ ಯಾರ ಕೈಗೆ ಬಿಟ್ಟು ಹೋಗೋದು?

ಅಮೆರಿಕದಲ್ಲಿರೋ ನಮ್ಮ ಕನ್ನಡಿಗರ ಗುಂಪಲ್ಲಿ ಮಕ್ಕಳಿಗೆ ಕನ್ನಡ ಕ್ಲಾಸ್ ಬೇಕಾ ಅಂತ ಎರಡು ದಿನದಿಂದ ಚರ್ಚೆ ನೋಡ್ತಾ ಇದೀನಿ. ಒಬ್ಬರು ಸರ್ "ಇಲ್ಲಿಗೆ ಬಂದ್ಮೇಲೆ ಎಲ್ಲರೂ ಕರಗಿ ಒಂದೇ ಜನ ಆಗ್ಬೇಕು, ಕನ್ನಡ ಕ್ಲಾಸು ಯಾಕೆ" ಅಂದ್ರಲ್ಲ, ಹೆಚ್ಚುಕಮ್ಮಿ ಇದನ್ನೇ 1782ರಲ್ಲಿ ಕ್ರೆವ್‌ಕೂರ್ ಅನ್ನೋ ಫ್ರೆಂಚ್ ರೈತ ಪುಸ್ತಕದಲ್ಲಿ ಬರೆದಿದ್ದ. ಅವನ ಬದುಕೇ ಬೇರೆ ಥರ ಆಯ್ತು ಕೇಳಿ.

ಕೆನಡಾದಲ್ಲಿ ಫ್ರೆಂಚ್ ಸೈನ್ಯದಲ್ಲಿದ್ದೋನು, ಆಮೇಲೆ ನ್ಯೂಯಾರ್ಕ್ ಕಡೆ ಬಂದು 1765ರಲ್ಲಿ ಬ್ರಿಟಿಷ್ ಪ್ರಜೆ ಆದ, ಹೆಸರೂ ಜಾನ್ ಅಂತ ಮಾಡ್ಕೊಂಡ (ನಮ್ಮ ವೆಂಕಟೇಶ ವೆಂಕಿ ಆಗಲ್ವಾ, ಹಂಗೆ). 1769ರಲ್ಲಿ ಮದ್ವೆ, ಆರೆಂಜ್ ಕೌಂಟಿಲಿ ಜಮೀನು. ಮೊದಲು ಹುಟ್ಟಿದ ಮಗಳಿಗೆ ಅಮೆರಿಕಾ-ಫ್ರಾನ್ಸಿಸ್ ಅಂತ ಹೆಸರಿಟ್ಟ, ಎರಡು ದೇಶಾನೂ ಕೂಸಿನ ತಲೆ ಮೇಲೆ! ಪುಸ್ತಕದಲ್ಲಿ ಬರೋ ರೈತ ನೇಗಿಲಿಗೆ ಪುಟ್ಟ ಕುರ್ಚಿ ಸಿಗಿಸಿ ಮಗನ್ನ ಕೂರಿಸ್ಕೊಂಡು ಉಳ್ತಾನೆ, ನನಗೆ ಅದು ತುಂಬಾ ಇಷ್ಟ.

ಅಷ್ಟರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾಗಿ ಬ್ರಿಟಿಷರು, ಅಮೆರಿಕನ್ನರು ಇಬ್ಬರಿಗೂ ಇವನ ಮೇಲೆ ಅನುಮಾನ. ಫ್ರಾನ್ಸಲ್ಲಿ ತನ್ನೂರಲ್ಲಿರೋ ಆಸ್ತಿ ಮಕ್ಕಳಿಗೆ ಉಳೀಲಿ ಅಂತ 1779ರಲ್ಲಿ ದೊಡ್ಡ ಮಗನ್ನ ಕರ್ಕೊಂಡು ಫ್ರಾನ್ಸಿಗೆ ಹೊರಟ, ಹೆಂಡ್ತಿ, ಮಗಳು, ಚಿಕ್ಕ ಮಗ ಇಲ್ಲೇ. ದಾರೀಲಿ ಬ್ರಿಟಿಷರು ಗೂಢಚಾರ ಅಂತ ಜೈಲಿಗೆ ಹಾಕಿದ್ರು. 1783ರಲ್ಲಿ ಫ್ರೆಂಚ್ ಕಾನ್ಸಲ್ (ಅಂದ್ರೆ ಇಲ್ಲಿ ಫ್ರೆಂಚ್ ಸರ್ಕಾರದ ಪ್ರತಿನಿಧಿ) ಆಗಿ ವಾಪಸ್ ಬಂದ್ರೆ ಮನೆ ಸುಟ್ಟು ಬೂದಿ, ಹೆಂಡ್ತಿ ತೀರ್ಕೊಂಡಿದ್ಲು, ಮಕ್ಕಳಿಬ್ರೂ ಬೋಸ್ಟನ್‌ನಲ್ಲಿ ಗೊತ್ತೇ ಇಲ್ಲದವರ ಮನೇಲಿ! ಫ್ರಾನ್ಸಲ್ಲಿ ಇವನು ಅಮೆರಿಕದ ನಾವಿಕರಿಗೆ ಸಹಾಯ ಮಾಡಿದ್ದ, ಆ ಋಣಕ್ಕೆ ಬೋಸ್ಟನ್‌ನವರೊಬ್ರು ಬಂದು ಮಕ್ಕಳನ್ನ ಕರ್ಕೊಂಡು ಹೋಗಿ ಸಾಕಿದ್ರು. ಇಲ್ದಿದ್ರೆ ಏನ್ ಗತಿ.

ಕೊನೆಗೆ ಕರಗಿದ್ನಾ? 1790ರಲ್ಲಿ ಮಗಳನ್ನ ಫ್ರೆಂಚ್ ಸರ್ಕಾರದ ರಾಜತಾಂತ್ರಿಕನಿಗೆ ಮದ್ವೆ ಮಾಡ್ಕೊಟ್ಟು ತಾನೂ ಯೂರೋಪಿಗೆ ಹೋದ, 1813ರಲ್ಲಿ ಅಲ್ಲೇ ಸತ್ತ. ಹಂಗಾಗಿ ಸರ್, ನಮ್ಮ ಹುಡುಗಿ ಭಾನುವಾರ ಕನ್ನಡ ಕ್ಲಾಸಿಗೆ ಬಂದೇ ಬರ್ತಾಳೆ, ಬಿಡಿ ಆ ವಿಷ್ಯ.

ನನ್ನ ತಲೆ ತಿಂತಿರೋದು ಇನ್ನೊಂದು. ನಮ್ಮಿಬ್ಬರಿಗೂ ಏನಾದ್ರೂ ಆದ್ರೆ ಮಕ್ಕಳು ಯಾರ ಮನೇಲಿ? ಅಣ್ಣ ಹಾಸನದಲ್ಲಿದಾನೆ, ಬರೋಕೆ ವೀಸಾ ಸಿಗೋವರೆಗೆ ಯಾರು ನೋಡ್ಕೋಬೇಕು? ಹತ್ತು ವರ್ಷ ಆಯ್ತು ಬಂದು, ಇನ್ನೂ ವಿಲ್ ಬರೆಸಿಲ್ಲ. ಗಾರ್ಡಿಯನ್ ಪೇಪರ್ ಮಾಡ್ಸಿದೋರು ಯಾರಾದ್ರೂ ಇದ್ರೆ ವಕೀಲರ ಫೀಸ್ ಎಷ್ಟಾಯ್ತು ಹೇಳ್ತೀರಾ, ಪ್ಲೀಸ್.